ಶಾಲೆಯ ದಿನಗಳಲ್ಲಷ್ಟೇ ಬರುವ ಹೊಟ್ಟೆನೋವು

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ. ದಸರಾ ರಜೆ ಮುಗಿದಾಗಿನಿಂದ ಶಾಲೆ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು, ವಾಕರಿಕೆ. ಹನ್ನೊಂದರ ಹೊತ್ತಿಗೆ ಸರಿಹೋಗುತ್ತಾಳೆ. ಭಾನುವಾರ ಏನೂ ಇಲ್ಲ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ನಾರ್ಮಲ್. ನಮ್ಮ ಯಜಮಾನರು ‘ಎಲ್ಲ ನಾಟಕ, ನಿನ್ನ ಮುದ್ದಿನಿಂದಲೇ ಹಾಳಾದಳು’ ಎಂದು ಗದರಿ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಿಡುತ್ತಾರೆ. ಅವರು ಊರಲ್ಲಿಲ್ಲದ ದಿನ ಅವಳ ಮುಖ ನೋಡಲಾಗದೆ ಮನೆಯಲ್ಲೇ ಇರಿಸಿಕೊಳ್ಳುತ್ತೇನೆ. ನಮ್ಮಿಬ್ಬರಲ್ಲಿ ಯಾರು ಸರಿ?
– ಹೆಸರು ಬೇಡ, ಹಾಸನ

ಉತ್ತರ: ಈ ಮಾತನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿಯಮ್ಮ: ಆ ನೋವು ನಾಟಕವಲ್ಲ. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರಿ ಹೊಟ್ಟೆ ನಿಜಕ್ಕೂ ಹಿಂಡುತ್ತದೆ, ತೊಳಸುತ್ತದೆ. ರಿಪೋರ್ಟ್ ನಾರ್ಮಲ್ ಬಂದಿದೆ ಎಂದರೆ ಆ ಪರೀಕ್ಷೆಗಳಲ್ಲಿ ಕಾಯಿಲೆ ಕಂಡಿಲ್ಲ ಎಂದಷ್ಟೇ ಅರ್ಥ.

ಹಾಗೆಂದು ನೀವು ಮಾಡಿದ್ದನ್ನೂ ಒಪ್ಪಲಾರೆ. ‘ಇವತ್ತು ಬೇಡ ಬಿಡು’ ಎಂದ ತಕ್ಷಣ ಅವಳಿಗೆ ಹಾಯೆನಿಸುತ್ತದೆ. ಶಾಲೆ ತಪ್ಪಿಸಿದರೆ ಭಯ ಹೋಗುತ್ತದೆ ಎಂದು ಮನಸ್ಸು ಕಲಿತುಬಿಡುತ್ತದೆ. ಮರುದಿನ ಹೋಗಲು ಇನ್ನಷ್ಟು ಕಷ್ಟ, ಜೊತೆಗೆ ತಪ್ಪಿದ ನೋಟ್ಸಿನ ಹೊರೆ. ಅಪ್ಪ ಗದರಿದಷ್ಟೂ ನೀವು ಮೆತ್ತಗಾಗುತ್ತೀರಿ, ನೀವು ಮೆತ್ತಗಾದಷ್ಟೂ ಅವರು ಬಿಗಿಯಾಗುತ್ತಾರೆ. ನಡುವೆ ಹುಡುಗಿ ಒಂಟಿ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಮಕ್ಕಳನ್ನು ಬೆಳೆಸುವ ಮೂರು ರೀತಿಗಳನ್ನು ಗುರುತಿಸಿದರು: ಬರೀ ಬಿಗಿ, ಬರೀ ಸಡಿಲ, ಪ್ರೀತಿ ಮತ್ತು ಕಟ್ಟುನಿಟ್ಟು ಎರಡೂ ಇರುವುದು. ಮೊದಲೆರಡನ್ನು ನೀವಿಬ್ಬರೂ ಹಂಚಿಕೊಂಡಿದ್ದೀರಿ. ನಿಮ್ಮ ಮಗಳಿಗೆ ಮೂರನೆಯದು ಬೇಕು, ಅದೂ ಇಬ್ಬರ ಬಾಯಲ್ಲೂ ಒಂದೇ ಮಾತಾಗಿ: ‘ನೋವಾಗ್ತಿದೆ ಅಂತ ಗೊತ್ತು ಪುಟ್ಟಿ. ಆದ್ರೂ ಇವತ್ತು ಎರಡು ಪೀರಿಯಡ್ ಕೂತು ಬಾ. ಗೇಟಿನವರೆಗೆ ನಾನೂ ಬರ್ತೀನಿ.’ ಕ್ಲಾಸ್ ಟೀಚರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಒಂದೆರಡು ವಾರದಲ್ಲಿ ಅರ್ಧ ದಿನ, ಆಮೇಲೆ ಪೂರ್ತಿ ದಿನ. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕಾಗಿರುವುದರಿಂದ ತಡಮಾಡಬೇಡಿ.

ದಸರಾ ಆದಮೇಲೆ ಶಾಲೆಯಲ್ಲಿ ಏನಾಯಿತು? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮಧ್ಯವಾರ್ಷಿಕ ಪರೀಕ್ಷೆಯ ಅಂಕ ಕೈಗೆ ಸಿಗುವ ಸಮಯವದು. ಗೆಳತಿಯರ ನಡುವೆ ಮುನಿಸೋ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರದೋ ಹಂಗಿಸುವಿಕೆಯೋ, ತರಗತಿಯಲ್ಲಿ ಎದ್ದು ನಿಲ್ಲಿಸಿ ಅವಮಾನಿಸಿದ್ದೋ ಇರಬಹುದು. ಯಾರಾದರೂ ಕಿರುಕುಳ ಕೊಡುತ್ತಿದ್ದರೆ ಮೊದಲು ಅದು ನಿಲ್ಲಬೇಕು. ಅಲ್ಲಿಯವರೆಗೆ ‘ಹೋಗು’ ಎನ್ನುವುದು ಅನ್ಯಾಯ. ಯೂನಿಫಾರ್ಮ್ ಹಾಕುವ ಗಡಿಬಿಡಿಯಲ್ಲಿ ಕೇಳಬೇಡಿ. ಸಂಜೆ ಸೊಪ್ಪು ಬಿಡಿಸುತ್ತಾ ಕೂತಾಗ ಕೇಳಿ. ಅವಳು ಹೇಳಲು ಶುರುಮಾಡಿದರೆ ನಡುವೆ ಬುದ್ಧಿ ಹೇಳಬೇಡಿ.

ಅಂಕದ ಭಯವೇ ಆಗಿದ್ದರೆ, ಒಂದೇ ಸಲಕ್ಕೆ ಎಲ್ಲ ಮುಗಿಯುವ ಕಾಲ ಹೋಯಿತೆಂದು ತಿಳಿಸಿ. 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆದು ಹೆಚ್ಚು ಬಂದ ಅಂಕ ಉಳಿಸಿಕೊಳ್ಳಲು ಅವಕಾಶವಿದೆ. ನಸುಕಿನ ಟ್ಯೂಷನ್ ಇದ್ದರೆ ಬಿಡಿಸಿ. ಈ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು.

ಎರಡು ಮೂರು ವಾರದಲ್ಲಿ ಸುಧಾರಿಸದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಹೋಗಿ, ಅಪ್ಪನೂ ಜೊತೆಗಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ಉಚಿತ. ‘ಬದುಕೋದೇ ಬೇಡ’ ಎಂಬಂಥ ಮಾತು ಒಮ್ಮೆ ಅವಳ ಬಾಯಿಂದ ಬಂದರೂ ಈ ಎರಡು ಮೂರು ವಾರ ಕಾಯಬೇಡಿ. ಅವಳನ್ನು ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.