ಅನಂತದಲ್ಲೂ ದೊಡ್ಡದು, ಚಿಕ್ಕದು ಇದೆಯೇ?

ನಿಮ್ಮ ಪ್ರಶ್ನೆ ಇದು: ಸಮ ಸಂಖ್ಯೆಗಳು ಎಲ್ಲ ಸಂಖ್ಯೆಗಳಲ್ಲಿ ಅರ್ಧ ಮಾತ್ರ. ಹಾಗಿದ್ದೂ ಎರಡೂ ಅಷ್ಟಷ್ಟೇ ಇವೆ ಅಂತ ಗಣಿತದವರು ಹೇಳುವುದು ಬರೀ ಮಾತಿನ ಆಟ ಅಲ್ವಾ? ಒಂದು ಅನಂತಕ್ಕಿಂತ ಇನ್ನೊಂದು ಅನಂತ ದೊಡ್ಡದು ಅನ್ನುವುದಕ್ಕೆ ಅರ್ಥ ಇದೆಯೇ?

ಅರ್ಥ ಇದೆ, ಮಾತಿನ ಆಟ ಅಲ್ಲ. ಆದರೆ ನಿಮಗೆ ಅನುಮಾನ ಬಂದಿರುವುದು ಬರಬೇಕಾದ ಕಡೆಯಲ್ಲೇ. ನಾನು ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಗಣಗಳ (ಸೆಟ್, ಅಂದರೆ ವಸ್ತುಗಳ ಗುಂಪು) ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಈ ವಾದ ಎದ್ದೇ ಏಳುತ್ತದೆ. ಇಡೀ ವರ್ಷದಲ್ಲಿ ನನಗೆ ತುಂಬಾ ಇಷ್ಟವಾದ ದಿನ ಅದು.

ಮೊದಲು ‘ಅಷ್ಟೇ ಇವೆ’ ಅಂದರೆ ಏನು ಅಂತ ನೋಡೋಣ. ಮದುವೆ ಮನೆಯಲ್ಲಿ ಪಂಕ್ತಿ ಕೂತಿದೆ. ಎಲೆ ಎಷ್ಟು, ಜನ ಎಷ್ಟು ಅಂತ ಯಾರೂ ಎಣಿಸಿಲ್ಲ. ಆದರೆ ಪ್ರತಿ ಎಲೆಯ ಮುಂದೂ ಒಬ್ಬರು ಕೂತಿದ್ದಾರೆ. ಯಾವ ಎಲೆಯೂ ಖಾಲಿ ಇಲ್ಲ, ಎಲೆ ಸಿಗದೆ ಯಾರೂ ನಿಂತಿಲ್ಲ. ಎಲೆಯೂ ಜನವೂ ಸಮ ಅಂತ ಬಡಿಸುವವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಬೆರಳು ಮಡಚಿ ಒಂದು, ಎರಡು, ಮೂರು ಅಂತ ಎಣಿಸುವಾಗಲೂ ನಾವು ಹೀಗೆ ಒಂದಕ್ಕೊಂದು ಜೋಡಿಸುತ್ತಲೇ ಇರುತ್ತೇವೆ.

ಈಗ 1, 2, 3, 4 ಅಂತ ಮುಗಿಯದೆ ಹಾಸಿದ ಎಲೆಗಳಿವೆ. ಊಟಕ್ಕೆ ಬಂದವರು 2, 4, 6, 8. ಒಂದನೇ ಎಲೆಗೆ 2 ಕೂತಿತು, ಎರಡನೇ ಎಲೆಗೆ 4, ಮೂರನೆಯದಕ್ಕೆ 6. ನೀವು 500ನೇ ಎಲೆ ಅನ್ನಿ, ಅಲ್ಲಿ 1000 ಕೂತಿದೆ ಅಂತ ಹೇಳುತ್ತೇನೆ. 7,342 ಎಲ್ಲಿ ಅಂತ ಕೇಳಿ, 3,671ನೇ ಎಲೆ ತೋರಿಸುತ್ತೇನೆ. ಒಂದು ಎಲೆಯೂ ಖಾಲಿ ಇಲ್ಲ.

“ಆದರೆ 1, 3, 5 ಬಿಟ್ಟುಹೋಯ್ತಲ್ಲ ಸಾರ್?” ಇದು ತರಗತಿಯಲ್ಲಿ ತಕ್ಷಣ ಬರುವ ಮಾತು, ನಿಮ್ಮದೂ ಅದೇ. ನಮ್ಮ ತಲೆಯಲ್ಲಿ ಎರಡು ನಿಯಮಗಳಿವೆ. ಇಡಿಗಿಂತ ಅದರ ತುಂಡು ಚಿಕ್ಕದು ಅನ್ನುವುದು ಒಂದು. ಜೋಡಿ ಕೂಡಿದರೆ ಸಮ ಅನ್ನುವುದು ಇನ್ನೊಂದು. ಎಣಿಸಿ ಮುಗಿಯುವ ವಸ್ತುಗಳಲ್ಲಿ ಎರಡೂ ಯಾವಾಗಲೂ ಒಂದೇ ಉತ್ತರ ಕೊಡುತ್ತವೆ. ಹಾಗಾಗಿ ಅವು ಬೇರೆ ಬೇರೆ ಅಂತ ನಮಗೆ ಹೊಳೆಯುವುದೇ ಇಲ್ಲ. ಅನಂತಕ್ಕೆ ಬಂದಾಗ ಒಂದನ್ನು ಕೈಬಿಡಲೇಬೇಕು. ಗೆಲಿಲಿಯೋ 1638ರಲ್ಲಿ 1, 4, 9, 16 ಎಂಬ ವರ್ಗ ಸಂಖ್ಯೆಗಳನ್ನು ಹೀಗೇ ಜೋಡಿಸಿ ನೋಡಿದ. ಅನಂತಕ್ಕೆ ಹೆಚ್ಚು, ಕಡಿಮೆ, ಸಮ ಅನ್ನುವ ಮಾತೇ ಒಪ್ಪುವುದಿಲ್ಲ ಅಂತ ನಿಲ್ಲಿಸಿಬಿಟ್ಟ. 250 ವರ್ಷ ಕಳೆದ ಮೇಲೆ, 1888ರಲ್ಲಿ, ಜರ್ಮನಿಯ ಗಣಿತಜ್ಞ ಡೆಡೆಕಿಂಡ್ ಅದನ್ನೇ ತಿರುಗಿಸಿದ. ತನ್ನದೇ ಒಂದು ತುಂಡಿನ ಜೊತೆ ಜೋಡಿ ಕೂಡುವ ಗಣವನ್ನೇ ಅನಂತ ಅನ್ನೋಣ ಎಂದ.

ನಾನು ಜೋಡಿಸುವ ನಿಯಮದ ಕಡೆ. ಯಾಕೆಂದರೆ ‘ಅರ್ಧ’ ಅನ್ನುವುದು ಸಂಖ್ಯೆಗಳಲ್ಲಿ ಇಲ್ಲ, ನಾವು ಸಾಲಾಗಿ ನಿಲ್ಲಿಸಿದ ರೀತಿಯಲ್ಲಿದೆ. ಅವೇ ಸಂಖ್ಯೆಗಳನ್ನು 1, 3, 2, 5, 7, 4, 9, 11, 6 ಅಂತ ನಿಲ್ಲಿಸಿ. ಎರಡು ಬೆಸಕ್ಕೆ ಒಂದು ಸಮ. ಯಾವ ಸಂಖ್ಯೆಯೂ ಬಿಟ್ಟುಹೋಗುವುದಿಲ್ಲ, ಆದರೆ ಸಮ ಸಂಖ್ಯೆಗಳು ಈಗ ಮೂರರಲ್ಲಿ ಒಂದು ಪಾಲು! ಜೋಡಿ ಹಾಗಲ್ಲ, ಯಾರನ್ನು ಎಲ್ಲಿ ನಿಲ್ಲಿಸಿದರೂ ಕೆಡುವುದಿಲ್ಲ.

ಭಿನ್ನರಾಶಿಗಳನ್ನೂ ಪಂಕ್ತಿಗೆ ಕೂರಿಸಬಹುದು. ಮೇಲಿನ ಅಂಕಿ, ಕೆಳಗಿನ ಅಂಕಿ ಕೂಡಿಸಿ, ಮೊತ್ತ ಚಿಕ್ಕದಿರುವುದನ್ನು ಮೊದಲು ಕರೆಯುತ್ತಾ ಹೋದರೆ ಆಯಿತು. ಇಲ್ಲಿಗೆ ಬರುವಷ್ಟರಲ್ಲಿ ಮಕ್ಕಳು ‘ಹಾಗಾದ್ರೆ ಎಲ್ಲ ಅನಂತವೂ ಒಂದೇ’ ಅಂತ ತೀರ್ಮಾನಿಸಿರುತ್ತಾರೆ. ಅಲ್ಲ. ಸೊನ್ನೆಗೂ ಒಂದಕ್ಕೂ ನಡುವಿನ ದಶಮಾಂಶ ಸಂಖ್ಯೆಗಳಿಗೆ ಈ ಎಲೆಗಳು ಸಾಲುವುದಿಲ್ಲ. ಜರ್ಮನಿಯ ಗಣಿತಜ್ಞ ಜಾರ್ಜ್ ಕ್ಯಾಂಟರ್ ಇದನ್ನು 1874ರಲ್ಲೇ ಸಾಧಿಸಿ ತೋರಿಸಿದ. 1891ರಲ್ಲಿ ಅವನೇ ಕೊಟ್ಟ ಇನ್ನೊಂದು ಪುರಾವೆ ಎಷ್ಟು ಸರಳ ಅಂದರೆ ಈಗಲೇ ಒಂದು ಹಾಳೆ ತಗೊಂಡು ಮಾಡಬಹುದು.

ಒಮ್ಮೆ ಬೋರ್ಡಿನ ಮೇಲೆ ಬರೆದೆ: 0.517…, 0.333…, 0.141…, ಹೀಗೆ ಕೆಳಗೆ ಮುಗಿಯದ ಪಟ್ಟಿ. ಎಲ್ಲ ದಶಮಾಂಶಗಳೂ ಇದರಲ್ಲಿವೆ ಅಂತ ಒಬ್ಬರು ಹಟ ಹಿಡಿದಿದ್ದಾರೆ ಅಂದುಕೊಳ್ಳಿ ಎಂದೆ. ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಮೂರನೆಯದರ ಮೂರನೇ ಅಂಕಿ, ಹೀಗೆ ಓರೆಯಾಗಿ ಇಳಿಯಿರಿ. ಅಲ್ಲಿ 3 ಇದ್ದರೆ 7 ಬರೆಯಿರಿ, ಬೇರೆ ಏನಿದ್ದರೂ 3 ಬರೆಯಿರಿ. ಸಿಕ್ಕಿದ್ದು 0.373…. ಇದು ಮೊದಲನೆಯದಲ್ಲ, ಮೊದಲ ಅಂಕಿಯೇ ಬೇರೆ. ಎರಡನೆಯದಲ್ಲ, ಎರಡನೇ ಅಂಕಿ ಬೇರೆ. ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಹಿಂದಿನ ಬೆಂಚಿನ ಒಬ್ಬ ಹುಡುಗಿ, “ಸುಮ್ನೆ ಅದನ್ನೂ ಪಟ್ಟಿಗೆ ಸೇರಿಸಿಬಿಡಿ ಸಾರ್” ಅಂದಳು. ಚಾಕ್‌ಪೀಸ್ ಅವಳ ಕೈಗೇ ಕೊಟ್ಟೆ. 0.373 ಅನ್ನು ಎಲ್ಲಕ್ಕಿಂತ ಮೇಲೆ ಬರೆದು, ಮತ್ತೆ ಓರೆಯಾಗಿ ಇಳಿದಳು. 0.737 ಬಂತು. ಅದೂ ಹೊಸದು! ಪಟ್ಟಿ ಬದಲಾದರೆ ಓರೆಯೂ ಬದಲಾಗುತ್ತದೆ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಿದಳು. ಇದೇ ಉಪಾಯವನ್ನು 1, 2, 3ರ ಪಟ್ಟಿಗೆ ಮಾಡಿದರೆ ಅಲ್ಲೂ ಹೊಸ ಸಂಖ್ಯೆ ಸಿಗಬೇಕಲ್ಲ? ಅದು ನನಗೆ ಬಹಳ ಹಿಡಿಸಿತು. ಸಿಗುವುದು ಅಂಕಿಗಳು ಮುಗಿಯದೇ ಹೋಗುವ ಒಂದು ಸಾಲು. ಪೂರ್ಣ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದರ ಅಂಕಿಗಳು ಒಂದು ಕಡೆ ನಿಲ್ಲಲೇಬೇಕು. ಆದ್ದರಿಂದ ಆ ಸಾಲು ಪೂರ್ಣ ಸಂಖ್ಯೆಯೇ ಅಲ್ಲ.

ಅನಂತದಲ್ಲಿ ಬಗೆಗಳಿವೆ ಅನ್ನುವ ಯೋಚನೆ ನಮ್ಮವರಿಗೂ ಹೊಸದಲ್ಲ. ಜೈನ ಗ್ರಂಥಗಳು ಸಂಖ್ಯಾತ, ಅಸಂಖ್ಯಾತ, ಅನಂತ ಅಂತ ವಿಂಗಡಿಸಿ, ಅನಂತದೊಳಗೂ ಬಗೆಗಳನ್ನು ಹೇಳುತ್ತವೆ. ಇದನ್ನೆಲ್ಲ ಚರ್ಚಿಸುವ ಧವಲಾ ಎಂಬ ಜೈನ ಟೀಕೆಯ (ವ್ಯಾಖ್ಯಾನ ಗ್ರಂಥದ) ತಾಳೆಗರಿಗಳು ಉಳಿದುಬಂದದ್ದು ಮೂಡುಬಿದಿರೆಯಲ್ಲಿ. ಆದರೆ ಓರೆಯಾಗಿ ಇಳಿಯುವ ಈ ಉಪಾಯ ಕ್ಯಾಂಟರನದೇ.

ಅದಕ್ಕೆ ಅವನು ಕಷ್ಟವನ್ನೂ ಪಟ್ಟ. ಬರ್ಲಿನ್‌ನಲ್ಲಿ ಗಣಿತಜ್ಞ ಕ್ರೋನೆಕರ್ ಬಲವಾಗಿ ವಿರೋಧಿಸಿದ. ಅನಂತ ಅಂದರೆ ಮುಗಿಯದೆ ಮುಂದುವರಿಯುವುದು, ಅದನ್ನು ಮುಗಿದ ವಸ್ತುವಿನಂತೆ ಕೈಯಲ್ಲಿ ಹಿಡಿಯಬಾರದು ಅನ್ನುವ ವಾದ ಅರಿಸ್ಟಾಟಲ್ ಕಾಲದ್ದು. ಇವತ್ತಿಗೂ ಹಾಗೆ ನಂಬುವ ಗಣಿತಜ್ಞರಿದ್ದಾರೆ. ಅವರದು ಮೊಂಡುತನ ಅಂತ ನಾನು ಹೇಳುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಬೇರೆ ಪ್ರಶ್ನೆ. ಪೂರ್ಣ ಸಂಖ್ಯೆಗಳ ಅನಂತಕ್ಕಿಂತ ದೊಡ್ಡದು, ದಶಮಾಂಶಗಳದ್ದಕ್ಕಿಂತ ಚಿಕ್ಕದು, ಅಂಥ ಅನಂತ ಇದೆಯೇ? ಇಲ್ಲ ಅಂತ ಕ್ಯಾಂಟರ್ ನಂಬಿದ್ದ, ಸಾಧಿಸಲು ಆಗಲಿಲ್ಲ. 1900ರಲ್ಲಿ ಗಣಿತಜ್ಞ ಹಿಲ್ಬರ್ಟ್, ಉತ್ತರ ಸಿಗಬೇಕಾದ 23 ಪ್ರಶ್ನೆಗಳ ತನ್ನ ಪಟ್ಟಿಯಲ್ಲಿ ಇದನ್ನೇ ಮೊದಲಿಗಿಟ್ಟ. ಗಣಗಳ ರೂಢಿಯ ಮೂಲನಿಯಮಗಳು (ಸಾಧನೆ ಕೇಳದೆ ಒಪ್ಪಿಕೊಂಡು ಹೊರಡುವ ನಿಯಮಗಳು) ಒಂದಕ್ಕೊಂದು ವಿರುದ್ಧವಾಗದಿದ್ದರೆ, ಅವುಗಳಿಂದ ‘ಇದೆ’ ಅಂತ ಸಾಧಿಸಲಾಗದು ಎಂದು ತರ್ಕಶಾಸ್ತ್ರಜ್ಞ ಗ್ಯೋಡೆಲ್ ತೋರಿಸಿದ. ‘ಇಲ್ಲ’ ಅಂತಲೂ ಸಾಧಿಸಲಾಗದು ಎಂದು 1963ರಲ್ಲಿ ಪಾಲ್ ಕೋಹೆನ್ ತೋರಿಸಿದ. ಹೊಸ ಮೂಲನಿಯಮ ಹುಡುಕೋಣ ಅಂತ ಕೆಲವರು, ಎರಡು ಬಗೆಯ ಗಣಿತವೂ ಇರಲಿ ಅಂತ ಇನ್ನು ಕೆಲವರು. ನಾನು ಹುಡುಕುವವರ ಕಡೆ.