ಆಸ್ಟ್ರಿಯಾ ಪ್ರತಿ ಸಲ ಯಾಕೆ ಸೋಲುತ್ತದೆ?

ಪ್ರಶ್ನೆ: ನಾವು ಏಳು ಗೆಳೆಯರು ಭಾನುವಾರ ನೆಪೋಲಿಯನ್ ಕಾಲದ ಯುದ್ಧದ ಬೋರ್ಡ್ ಗೇಮ್ ಆಡುತ್ತೇವೆ. ಆಟ ಶುರುವಾಗುವುದು 1805ರಲ್ಲಿ. ನನ್ನದು ಆಸ್ಟ್ರಿಯಾ. ರಷ್ಯಾ, ಬ್ರಿಟನ್ ಜೊತೆ ಮೈತ್ರಿ ಇದ್ದರೂ ಮೊದಲು ಸೋಲುವುದು ನಾನೇ. ಏನು ಮಾಡಲಿ?
– ಒಬ್ಬ ಓದುಗ, ಶಿವಮೊಗ್ಗ

ಉತ್ತರ: ನಿಮ್ಮ ಸೇನೆಯನ್ನು ದಕ್ಷಿಣ ಜರ್ಮನಿಯ ಉಲ್ಮ್ ಹತ್ತಿರ ಇಡುತ್ತೀರಿ, ಅಲ್ವಾ? ಆಸ್ಟ್ರಿಯಾದ ಜನರಲ್ ಮ್ಯಾಕ್ ಮಾಡಿದ್ದೂ ಅದೇ. 1805ರ ಅಕ್ಟೋಬರ್‌ನಲ್ಲಿ ಅವನು ಅಲ್ಲಿ ನೆಪೋಲಿಯನ್‌ಗೆ ಶರಣಾದಾಗ, ನೆರವಿಗೆ ಬರುತ್ತಿದ್ದ ರಷ್ಯಾದ ಸೇನಾಪತಿ ಕುಟುಜೋವ್ ಇನ್ನೂ ದೂರದಲ್ಲಿ, ಆಸ್ಟ್ರಿಯಾ ಗಡಿಯ ಬ್ರೌನಾವ್ ಹತ್ತಿರವೇ ಇದ್ದ. ಹಿಂದೆ ಸರಿಯಿರಿ. ವಿಯೆನ್ನಾ ಹೋದರೂ ಪರವಾಗಿಲ್ಲ, ಸೇನೆ ಉಳಿಯಬೇಕು.

ನಾನು ಆಸ್ಟ್ರಿಯಾ ಆಡುವಾಗ ರಷ್ಯಾದವನ ಪಕ್ಕ ಕೂತು, ನಕ್ಷೆಯ ಮೇಲೆ ಬೆರಳಿಟ್ಟು ಕೇಳುತ್ತೇನೆ: "ನಿನ್ನ ಸೇನೆ ಇಲ್ಲಿಗೆ ಎಷ್ಟನೇ ಸರದಿಗೆ ಬರುತ್ತೆ?" ಲೆಕ್ಕ ಹೇಳದ ಗೆಳೆಯನನ್ನು ನಂಬಿ ಯುದ್ಧ ಸಾರಬೇಡಿ. ಬ್ರಿಟನ್ ಹತ್ತಿರ ಹಣ ಕೇಳಿ, ಸಂಕೋಚ ಬೇಡ. ಆಗ ಅದು 1 ಲಕ್ಷ ಸೈನಿಕರಿಗೆ ವರ್ಷಕ್ಕೆ 12.5 ಲಕ್ಷ ಪೌಂಡ್ ಕೊಡಲು ಒಪ್ಪಿತ್ತು. ಸುಮ್ನೆ ನೋಡುತ್ತಾ ಕೂತ ಜರ್ಮನ್ ರಾಜ್ಯ ಪ್ರಶ್ಯಾ ಮರುವರ್ಷ ಯೇನಾದಲ್ಲಿ ನೆಪೋಲಿಯನ್ ಎದುರು ಮಣ್ಣು ಮುಕ್ಕಿತು. ಪ್ರಶ್ಯಾ ಆಡುವವನಿಗೆ ಇದನ್ನು ನೆನಪಿಸಿ.

ನನಗೆ ಜಾಸ್ತಿ ಇಷ್ಟವಾಗುವುದು ನೆಪೋಲಿಯನ್ ವಿರುದ್ಧದ ಮಿತ್ರರು ಮಾಡಿದ 1813ರ ಟ್ರಾಖೆನ್‌ಬರ್ಗ್ ಯೋಜನೆ. ನೆಪೋಲಿಯನ್ ಖುದ್ದಾಗಿ ಬಂದರೆ ಹಿಂದೆ ಸರಿಯುವುದು, ಅವನ ಸೇನಾಪತಿಗಳಾದ ಮಾರ್ಷಲ್‌ಗಳು ಒಂಟಿಯಾಗಿ ಸಿಕ್ಕರೆ ಹೊಡೆಯುವುದು. ಆ ಅಕ್ಟೋಬರ್‌ನಲ್ಲಿ ಲೈಪ್‌ಜಿಗ್‌ನಲ್ಲಿ ಎಲ್ಲರೂ ಸೇರಿ ಅವನನ್ನು ಸೋಲಿಸಿದರು. 1814ರಲ್ಲಿ ಫ್ರಾನ್ಸಿನ ಶೋಮಾನ್‌ನಲ್ಲಿ ಬ್ರಿಟನ್, ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಒಂದು ಒಪ್ಪಂದ ಮಾಡಿಕೊಂಡವು: ಯಾರೂ ಒಬ್ಬರೇ ಹೋಗಿ ಫ್ರಾನ್ಸ್ ಜೊತೆ ರಾಜಿ ಮಾಡಿಕೊಳ್ಳಬಾರದು. ಈ ಮಾತನ್ನು ಆಟದ ಮೊದಲೇ ಬರೆಸಿಕೊಳ್ಳಿ.