ಬಿಸಿಲು, ಸೈಕಲ್ಲು, ನಾಲ್ಕು ಬಾಟಲಿ ನೀರು

ಪ್ರಶ್ನೆ: ಮೇಷ್ಟ್ರೇ, ನನಗೆ 46 ವರ್ಷ. ಪ್ರತಿ ಭಾನುವಾರ ಕುವೆಂಪುನಗರದಿಂದ ಶ್ರೀರಂಗಪಟ್ಟಣದ ಸಂಗಮಕ್ಕೆ ಸೈಕಲ್‌ನಲ್ಲಿ ಹೋಗಿಬರುತ್ತೇನೆ. ಬಿಸಿಲಿಗೆ ಹೆದರಿ ಮುಕ್ಕಾಲು ಲೀಟರಿನ ನಾಲ್ಕು ಬಾಟಲಿ ನೀರು ಕುಡಿಯುತ್ತೇನೆ. ಆದರೂ ಮನೆಗೆ ಬಂದರೆ ತಲೆನೋವು, ವಾಕರಿಕೆ. ಬೆರಳಿನ ಉಂಗುರ ಬಿಗಿಯಾಗಿರುತ್ತದೆ. ಇನ್ನೂ ಹೆಚ್ಚು ಕುಡಿಯಬೇಕೆ?
– ಓದುಗರು, ಮೈಸೂರು

ಉತ್ತರ: ಬೇಡಮ್ಮ, ಖಂಡಿತ ಬೇಡ. ಉಂಗುರದ ವಿಷಯ ಓದಿ ನನಗೆ ಗಾಬರಿಯಾಯಿತು. ಬಿಸಿಲಿಗೇ ಬೆರಳು ಊದುವುದುಂಟು, ನಿಜ. ಆದರೆ ಜೊತೆಗೆ ತಲೆನೋವು, ವಾಕರಿಕೆಯೂ ಇದ್ದರೆ ನೀರು ಹೆಚ್ಚಾಯಿತೇ ಅಂತ ನೋಡಲೇಬೇಕು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಮೇಲೆ ಬರೀ ನೀರನ್ನೇ ತುಂಬಿಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಮಿತಿಮೀರಿದರೆ ಮಿದುಳು ಊದಿ ಫಿಟ್ಸ್ ಬರಬಹುದು.

ಮಂಡ್ಯದಲ್ಲಿ ಪಿ.ಟಿ. ಮೇಷ್ಟ್ರಾಗಿದ್ದಾಗ ಒಮ್ಮೆ ಮೇಲುಕೋಟೆಗೆ ಸೈಕಲ್ ತುಳಿದಿದ್ದೆ. ಬಾಯಾರುವ ಮುಂಚೆಯೇ ಕುಡಿಯಬೇಕು ಅಂತ ನಂಬಿ, ನಿಂತಲ್ಲೆಲ್ಲ ನೀರು ಕುಡಿದೆ. ಜಕ್ಕನಹಳ್ಳಿ ದಾಟಿದ ಮೇಲೆ ವಾಂತಿ ಶುರುವಾಯಿತು, ಮಾತು ತೊದಲಿತು. ಬಿಸಿಲು ಹೊಡೆದಿದೆ ಅಂತ ಜೊತೆಗಿದ್ದ ಶಿಷ್ಯ ಇನ್ನೊಂದು ಬಾಟಲಿ ಬಾಯಿಗೆ ಹಿಡಿದ. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸೋಡಿಯಂ 128. ಇರಬೇಕಾದ್ದು 135ರಿಂದ 145. ಅಲ್ಲಿಯವರೆಗೆ ನಾನೂ ಮಕ್ಕಳಿಗೆ 'ಕುಡೀರಿ, ಕುಡೀರಿ' ಅಂತಲೇ ಹೇಳುತ್ತಿದ್ದೆ. ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ.

ಬರುವ ಭಾನುವಾರ ಹೊರಡುವ ಮುಂಚೆ ತೂಕ ನೋಡಿಕೊಳ್ಳಿ. ಬಂದ ಕೂಡಲೇ ಬೆವರು ಒರೆಸಿ, ಒದ್ದೆ ಬಟ್ಟೆ ತೆಗೆದು, ಮತ್ತೆ ನೋಡಿ. 60 ಕಿಲೋ ಇದ್ದವರು 59.4ಕ್ಕೆ ಬಂದರೆ ಚಿಂತೆಯಿಲ್ಲ. 58.8ಕ್ಕಿಂತ ಕೆಳಗಿಳಿದರೆ ನೀರು ಸಾಲಲಿಲ್ಲ. 60.5 ತೋರಿಸಿದರೆ ಮೈಗೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದೀರಿ, ಮುಂದಿನ ವಾರ ಒಂದು ಬಾಟಲಿ ಮನೆಯಲ್ಲೇ ಬಿಡಿ.

ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಹಾಗಂತ ಅದನ್ನೂ ಲೀಟರುಗಟ್ಟಲೆ ಕುಡಿಯುವಂತಿಲ್ಲ. ದಾರಿಯಲ್ಲಿ ಎಳನೀರು ಧಾರಾಳವಾಗಿ ಸಿಗುತ್ತದೆ. ಒಂದು ಕುಡಿಯಿರಿ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋದ ಉಪ್ಪು ಅದರಿಂದ ತುಂಬುವುದಿಲ್ಲ. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ, ಆಮೇಲೆ ತಿಂಡಿ. ಬಿ.ಪಿ. ಮಾತ್ರೆ ನುಂಗುವವರಾದರೆ ಉಪ್ಪಿನ ವಿಷಯ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಕೆಲವು ಮಾತ್ರೆಗಳೇ ಸೋಡಿಯಂ ಇಳಿಸುತ್ತವೆ.

ಇನ್ನೊಂದು ಮಾತು, ಜೊತೆಗೆ ಬರುವವರಿಗೂ ಹೇಳಿಡಿ. ವಾಂತಿಯ ಜೊತೆ ಮಾತು ತಪ್ಪಿದರೆ ಬಾಯಿಗೆ ನೀರು ಹಾಕಬಾರದು. ನೆರಳಿಗೆ ಕರೆದೊಯ್ದು, ಮೈ ಕಾದಿದ್ದರೆ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಬೇಕು.